64 ಜನರಿಗೂ ಒಂದು ಕೌಂಟಿ, ಒಂದು ಕೋರ್ಟ್‌ಹೌಸ್ ಯಾಕೆ?

ಅಮೆರಿಕದ ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇರೋದೇ 64 ಜನ, ಪಕ್ಕದ ಕೌಂಟಿಗೆ ಸೇರಿಸಿಬಿಡಬಾರದಾ, ಅಲ್ಲಿನ ಕೋರ್ಟ್‌ಹೌಸ್‌ನಲ್ಲಿ ಏನು ಕೆಲಸ ನಡೆಯುತ್ತದೆ ಅಂತ ಕೇಳಿದ್ದೀರಿ. ನಾನು ಟೆಕ್ಸಸ್‌ನದೇ ಮಿಡ್‌ಲ್ಯಾಂಡ್ ಊರಲ್ಲಿದ್ದೇನೆ. ಎಣ್ಣೆ ಬಾವಿಗಳ ಜಮೀನು ದಾಖಲೆ ನೋಡುವುದು ನನ್ನ ಕೆಲಸ. ಆ ಕಟ್ಟಡ ಚೆನ್ನಾಗಿಯೇ ಗೊತ್ತು.

64 ಅನ್ನುವುದು 2020ರ ಜನಗಣತಿಯ ಲೆಕ್ಕ. ಇಡೀ ಅಮೆರಿಕದಲ್ಲೇ ಕಡಿಮೆ ಜನರಿರುವ ಕೌಂಟಿ ಇದು. ಪಕ್ಕದ ಕೌಂಟಿಗೆ ಸೇರಿಸಿ ನೋಡಿದ್ದೂ ಆಗಿದೆ. 1893ರಲ್ಲಿ ಇಲ್ಲಿ ಆಡಳಿತ ಶುರುವಾಯಿತು, 1897ರಲ್ಲಿ ರದ್ದು ಮಾಡಿ ರೀವ್ಸ್ ಕೌಂಟಿಗೆ ಸೇರಿಸಿದರು. 1920ರ ದಶಕದಲ್ಲಿ ಎಣ್ಣೆ ಸಿಕ್ಕಿತು ನೋಡಿ, 1931ರಲ್ಲಿ ಮತ್ತೆ ಬೇರೆಯಾಯಿತು. ಬಾವಿಗಳ ಮೇಲೆ ಕೌಂಟಿಗೆ ಆಸ್ತಿ ತೆರಿಗೆ ಬರುತ್ತದೆ. ಅದನ್ನು ಪಕ್ಕದವರ ಜೊತೆ ಹಂಚಿಕೊಳ್ಳಲು ಯಾರಿಗೆ ಮನಸ್ಸು ಬರುತ್ತೆ ಹೇಳಿ.

ವಿಸ್ತೀರ್ಣ ಸುಮಾರು 1,750 ಚದರ ಕಿ.ಮೀ. ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಉತ್ತರಕ್ಕೆ ನ್ಯೂ ಮೆಕ್ಸಿಕೋ, ಪಶ್ಚಿಮಕ್ಕೆ ಉಪ್ಪುಪ್ಪು ನೀರಿನ ಪೇಕೋಸ್ ನದಿ. ಉಳಿದದ್ದು ಒಣ ಬಯಲು, ಮೆಸ್ಕೀಟ್ ಪೊದೆ. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿಯೇ.

ಕೋರ್ಟ್‌ಹೌಸ್ ಇರುವುದು ಮೆಂಟೋನ್ ಎಂಬ ಪುಟ್ಟ ಊರಲ್ಲಿ, 1935ರ ಇಟ್ಟಿಗೆ ಕಟ್ಟಡ. ತಹಶೀಲ್ದಾರರ ಹಾಗೆ ಮೇಲಿನಿಂದ ವರ್ಗವಾಗಿ ಬಂದವರು ಅಲ್ಲಿಲ್ಲ. ಕೌಂಟಿ ಜಡ್ಜ್, ನಾಲ್ವರು ಕಮಿಷನರ್‌ಗಳು, ಶೆರಿಫ್, ಕ್ಲರ್ಕ್ ಎಲ್ಲರೂ ಓಟಿನಿಂದ ಬಂದವರು. ಜಡ್ಜ್‌ಗೆ ಕಾನೂನು ಪದವಿ ಇರಲೇಬೇಕೆಂದಿಲ್ಲ. ಕಮಿಷನರ್‌ಗಳ ಜೊತೆ ಕೂತು ಬಜೆಟ್ಟು, ರಸ್ತೆ, ತೆರಿಗೆ ದರ ತೀರ್ಮಾನಿಸುವುದೇ ಮುಖ್ಯ ಕೆಲಸ. ಶೆರಿಫ್ ಕಳ್ಳರನ್ನೂ ಹಿಡಿಯಬೇಕು, ತೆರಿಗೆಯನ್ನೂ ವಸೂಲಿ ಮಾಡಬೇಕು. ದೊಡ್ಡ ಕೇಸುಗಳಿಗೆ ರೀವ್ಸ್, ವಾರ್ಡ್ ಕೌಂಟಿಗಳಿಗೂ ಅವರೇ ಆಗಿರುವ ಜಿಲ್ಲಾ ನ್ಯಾಯಾಧೀಶರು ಬರುತ್ತಾರೆ. ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡಕ್ಕೆ, ಜನ ಹೊಂದಿಸುವುದು ಕಷ್ಟ, ಕರೆದವರಲ್ಲಿ ಅರ್ಧ ಜನ ನೆಂಟರೇ. ನಾಲ್ಕಾರು ಓಟಿನಲ್ಲಿ ಚುನಾವಣೆ ಮಗುಚಬಹುದು. ಹಾಗಾಗಿ ಈ ಮತದಾರರು ನಿಜವಾಗಿ ಇಲ್ಲಿ ವಾಸವಾಗಿದ್ದಾರಾ ಅನ್ನುವ ಜಗಳ ಮುಗಿಯುವುದೇ ಇಲ್ಲ. ಮತದಾರರ ಪಟ್ಟಿಯಲ್ಲಿ ಜನಸಂಖ್ಯೆಗಿಂತ ಜಾಸ್ತಿ ಹೆಸರಿದ್ದದ್ದೂ ಉಂಟು!

ಗಿರಾಕಿಗಳು ಜಾಸ್ತಿ ಇರುವುದು ಜಮೀನು ದಾಖಲೆ ಇಡುವ ಕ್ಲರ್ಕ್ ಆಫೀಸಿಗೆ. ಟೆಕ್ಸಸ್‌ನಲ್ಲಿ ನೆಲ ಒಬ್ಬರದು, ಅದರಡಿಯ ಎಣ್ಣೆ ಇನ್ನೊಬ್ಬರದು ಆಗಿರಬಹುದು. ಯಾವುದೋ ಕಾಲದಲ್ಲಿ ಅಜ್ಜ ಜಮೀನು ಮಾರುವಾಗ ಕೆಳಗಿನ ಖನಿಜದಲ್ಲಿ ಅರ್ಧ ನನಗೇ ಇರಲಿ ಅಂತ ಬರೆಸಿರುತ್ತಾನೆ. ಅದು ಮಕ್ಕಳು, ಮೊಮ್ಮಕ್ಕಳಿಗೆ ಹರಿದು ಹಂಚಿ 1/48, 1/96ರ ಲೆಕ್ಕಕ್ಕೆ ಇಳಿದಿರುತ್ತದೆ. ಬಾವಿ ಕೊರೆಯುವ ಮುಂಚೆ ಕಂಪನಿ ಆ ಪಾಲುದಾರರನ್ನು ಹುಡುಕಬೇಕು. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ ತೆಗೆಸಿದವರಿಗೆ ಈ ಗೋಳು ಬೇಗ ಅರ್ಥವಾಗುತ್ತದೆ. ಹಳೆಯ ಕ್ರಯಪತ್ರಗಳಲ್ಲಿ ‘ಟೆಕ್ಸಸ್ ಆ್ಯಂಡ್ ಪೆಸಿಫಿಕ್ ರೈಲ್ವೇ, ಬ್ಲಾಕ್ ಇಷ್ಟು, ಸೆಕ್ಷನ್ ಇಷ್ಟು’ ಅಂತಿರುತ್ತದೆ. ರಾಜ್ಯ ಸರ್ಕಾರ ರೈಲು ಕಂಪನಿಗೆ ಜಮೀನು ಕೊಟ್ಟ ಕಾಲದ ಸರ್ವೆ ಅದು. ರೈಲು ಈ ಕೌಂಟಿಗೆ ಬಾರದೆ ದಕ್ಷಿಣದಲ್ಲೇ ಹಾದುಹೋಯಿತು, ಸರ್ವೆಯಲ್ಲಿ ಅದರ ಹೆಸರು ಮಾತ್ರ ಉಳಿಯಿತು. ಒಂದು ಸೆಕ್ಷನ್ ಅಂದರೆ ಸುಮಾರು 640 ಎಕರೆ. ಅಳತೆ ಇನ್ನೂ ಸ್ಪೇನಿನವರ ಕಾಲದ ವಾರಾದಲ್ಲಿ, ಒಂದು ವಾರಾಕ್ಕೆ 33⅓ ಇಂಚು. ಕ್ಯಾಲ್ಕುಲೇಟರ್ ಇಲ್ಲದೆ ಪುಟ ತಿರುಗಿಸುವ ಹಾಗೇ ಇಲ್ಲ.

ಈ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಬರುವುದಾದರೆ ವಾರದ ದಿನವೇ ಬನ್ನಿ. 302ನೇ ಹೆದ್ದಾರಿಯಲ್ಲಿ ಎಣ್ಣೆ ಬಾವಿಯ ಟ್ರಕ್‌ಗಳದೇ ಸಾಲು, ಓವರ್‌ಟೇಕ್ ಮಾಡುವಾಗ ಹುಷಾರು.