ಹಳೆಯ ಸಾಮಾನು ಮಾರಿದ ಹಣಕ್ಕೆ ತೆರಿಗೆ: ಪ್ರತಿಕ್ರಿಯೆ

ಆನ್‌ಲೈನ್‌ನಲ್ಲಿ ಹಳೆಯ ಫ್ರಿಜ್, ತೇಗದ ಮಂಚ ಹಾಗೂ ತೀರಿಕೊಂಡ ತಾಯಿಯವರ ಚಿನ್ನದ ಬಳೆಗಳನ್ನು ಮಾರಿದ ಹಣಕ್ಕೆ ತೆರಿಗೆ ಕಟ್ಟಬೇಕೇ ಎಂದು ಕೇಳಿದ್ದೀರಿ. ಸ್ವಂತ ಬಳಕೆಗೆ ಇಟ್ಟುಕೊಂಡಿದ್ದ ಫ್ರಿಜ್, ಮಂಚಗಳಂಥ ಚರವಸ್ತುಗಳನ್ನು ಆದಾಯ ತೆರಿಗೆ ಕಾಯ್ದೆಯು ಬಂಡವಾಳ ಆಸ್ತಿಯ (ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಬೀಳುವ ಆಸ್ತಿಯ) ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಆ ಹಣಕ್ಕೆ ತೆರಿಗೆಯಿಲ್ಲ, ನಿಶ್ಚಿಂತರಾಗಿರಿ. ಬಳೆಗಳ ವಿಷಯ ಹಾಗಲ್ಲ. ದಿನವೂ ತೊಡುತ್ತಿದ್ದ ಆಭರಣವಾದರೂ ಅದಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ತಾಯಿಯವರು ಕೊಂಡ ಬೆಲೆಯೇ ನಿಮ್ಮ ಖರೀದಿ ಬೆಲೆಯಾಗುತ್ತದೆ, ಬಳೆಗಳು ಅವರ ಬಳಿಯಿದ್ದ ಅವಧಿಯೂ ಲೆಕ್ಕಕ್ಕೆ ಸೇರುತ್ತದೆ. ಒಟ್ಟು 24 ತಿಂಗಳು ಮೀರಿದ್ದರೆ, 2024ರ ಜುಲೈ 23ರಿಂದೀಚೆಗಿನ ಮಾರಾಟದ ಲಾಭಕ್ಕೆ ಶೇ. 12.5ರ ದರ ಅನ್ವಯಿಸುತ್ತದೆ. 2001ರ ಏಪ್ರಿಲ್ 1ಕ್ಕೂ ಮೊದಲು ಕೊಂಡವಾದರೆ ಆ ದಿನಾಂಕದಂದು ಇದ್ದ ಮಾರುಕಟ್ಟೆ ಬೆಲೆಯನ್ನೇ ಖರೀದಿ ಬೆಲೆಯೆಂದು ಹಿಡಿಯಬಹುದು. ಅಂಗಡಿಯ ಗುಲಾಬಿ ಕಾಗದದೊಳಗೆ ಮಡಚಿಟ್ಟ ಹಳೆಯ ಬಿಲ್ಲು ಬೀರುವಿನಲ್ಲಿದೆಯೇ ಎಂದು ದಯವಿಟ್ಟು ಒಮ್ಮೆ ಹುಡುಕಿ ನೋಡಿ.