ಬಣ್ಣ ಈಗಲೇ ಹೊಡೆಸಬೇಡಿ

ಸಂಡೂರಿನ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ: ‘ನಾಲ್ಕು ತಿಂಗಳ ಹಿಂದೆ ಹುಬ್ಬಳ್ಳಿಯ ಡೀಲರ್ ಒಬ್ಬರಿಂದ ಐದು ವರ್ಷ ಹಳೆಯ ಕಾರನ್ನು 4.60 ಲಕ್ಷ ರೂಪಾಯಿಗೆ ಕೊಂಡೆ. ಸಿಂಗಲ್ ಓನರ್ ಗಾಡಿ, ಎಲ್ಲೂ ತಾಗಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ಬಿಸಿಲು ಏರುತ್ತಿದ್ದಂತೆ ಎಡಬದಿಯ ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಬಣ್ಣ ಬಿರುಕು ಬಿಟ್ಟಿತು. ಮೆಕ್ಯಾನಿಕ್ ಬಾಗಿಲಂಚಿನ ರಬ್ಬರ್ ಬೀಡಿಂಗ್ ಎಳೆದು ನೋಡಿ, ಒಳಗೆ ಕತ್ತರಿಸಿ ವೆಲ್ಡಿಂಗ್ ಮಾಡಿದ್ದಾರೆ ಎಂದರು. ಡೀಲರ್‌ಗೆ ಫೋನ್ ಮಾಡಿದರೆ, ನೀವೇ ನೋಡಿ ಒಪ್ಪಿದ ಗಾಡಿಯಲ್ಲವೇ, ತನ್ನಿ, ಪುಕ್ಕಟೆ ಬಣ್ಣ ಹೊಡೆಸಿ ಕೊಡುತ್ತೇನೆ ಎನ್ನುತ್ತಾರೆ. ಮನೆಯವರು, ಹೋಗಲಿ ಬಿಡು ಎನ್ನುತ್ತಾರೆ. ದಿನವೂ ಮಗಳನ್ನು ಅದರಲ್ಲೇ ತೋರಣಗಲ್ಲಿಗೆ ಶಾಲೆಗೆ ಕರೆದೊಯ್ಯುತ್ತೇನೆ. ತಪ್ಪು ನನ್ನದೇ?’

ಸಂಪಾದಕರ ಉತ್ತರ:

ಸಹೋದರಿ, ತಪ್ಪು ನಿಮ್ಮದಲ್ಲ. ಕಾರನ್ನು ಮಾತ್ರ ಈಗ ಹುಬ್ಬಳ್ಳಿಗೆ ಒಯ್ಯಬೇಡಿ.

ನೀವು ಕಳಿಸಿದ ಚಿತ್ರಗಳಲ್ಲಿ ಒಂದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು. ಅದರೊಳಗೆ ಅದಿರಿನ ಧೂಳು ಕೂತು, ಕೆಂಪು ಶಾಯಿಯಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಆ ಧೂಳು ಈ ಜಿಲ್ಲೆಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಈ ಸಲ ಅದು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿದೆ. ಪುಕ್ಕಟೆ ಬಣ್ಣ ಆ ಸಾಕ್ಷಿಯನ್ನು ಅಳಿಸಿಬಿಡುತ್ತದೆ.

ಚಿತ್ರಗಳನ್ನು ಬಳ್ಳಾರಿಯ ಟಿಂಕರಿಂಗ್ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಶೆಡ್ಡಿನಲ್ಲಿದ್ದ ಬೇರೊಂದು ಕಾರಿನ ಬಾಗಿಲು ತೆರೆದು ಬೀಡಿಂಗ್ ಸರಿಸಿದರು. ಕಾರ್ಖಾನೆಯ ಬೆಸುಗೆ ಎಂದರೆ ಬೆರಳ ತುದಿಯಿಂದ ಒತ್ತಿದಂಥ ದುಂಡು ಗುಳಿಗಳು, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲಾಗಿ. ನಿಮ್ಮ ಚಿತ್ರದಲ್ಲಿ ಆ ಸಾಲು ನಡುವೆಯೇ ನಿಂತು, ಉಜ್ಜಿ ನಯಮಾಡಿದ ಉಬ್ಬುಗೆರೆ ಶುರುವಾಗುತ್ತದೆ. ಆಮೇಲೆ ಮೇಸ್ತ್ರಿ ಬೆರಳ ಗೆಣ್ಣಿನಿಂದ ತಟ್ಟಿದರು. ಬರೀ ತಗಡು ಠಣ್ ಎಂದಿತು. ಪುಟ್ಟಿ ತುಂಬಿದ ಜಾಗ ದೊಪ್ ಎಂದಿತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ದಪ್ಪ. ಪುಟ್ಟಿಯಿದ್ದ ಕಡೆ ಅದು ಹಲವು ನೂರು ದಾಟುತ್ತದೆ. ಅದನ್ನು ಅಳೆಯುವ ಅಂಗೈಯಗಲದ ಉಪಕರಣವಿದೆ. ಹಳೆಯ ಗಾಡಿಗಳನ್ನು ಕೊಂಡು ಮಾರುವುದೇ ಕಸುಬಾದವರು ಅದನ್ನು ಬಳಸಬಲ್ಲರು. ಪಾಠ ಹೇಳುವ ನೀವು ಎಲ್ಲಿಂದ ತರುತ್ತೀರಿ? ‘ನೀವೇ ನೋಡಿದಿರಿ’ ಎಂಬ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ.

ಬಂಪರ್, ಬಾನೆಟ್ ಬದಲಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅವು ಬೋಲ್ಟ್ ಬಿಚ್ಚಿ ಹಾಕುವ ಭಾಗಗಳು, ಹಳೆಯ ಗಾಡಿಯಲ್ಲಿ ಅಷ್ಟು ಸಹಜ. ನಡುಗಂಬದ ಮಾತು ಬೇರೆ. ಪಕ್ಕದಿಂದ ಬಂದ ಪೆಟ್ಟನ್ನು ತಡೆಯಬೇಕಾದದ್ದು ಅದು. ಮುಂದಿನ ಸೀಟಿನ ಬೆಲ್ಟ್ ಬಿಗಿದಿರುವುದೂ ಅದಕ್ಕೇ. ಅದಿರು ಲಾರಿಗಳ ನಡುವೆ ಓಡಾಡುವವರು ನೀವು. ಪರೀಕ್ಷೆಯಾಗುವ ತನಕ ಮಗಳನ್ನು ದಯವಿಟ್ಟು ಬಸ್ಸಿನಲ್ಲೇ ಕಳಿಸಿ.

ಮೊದಲು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ತಪಾಸಣೆ ಮಾಡಿಸಿ, ಲಿಖಿತ ವರದಿ ಪಡೆಯಿರಿ. ನೋಂದಣಿ ಸಂಖ್ಯೆ ಕೊಟ್ಟು ಹಳೆಯ ಸರ್ವಿಸ್ ದಾಖಲೆಯನ್ನೂ ಕೇಳಿ. ದುರಸ್ತಿ ಹೊರಗೆ ನಡೆದಿದ್ದರೆ ಅದರಲ್ಲಿ ಸಿಗಲಾರದು. ಆಗ ಹಿಂದಿನ ಮಾಲೀಕರ ವಿಮೆ ಪಾಲಿಸಿಯನ್ನು ತೆಗೆದು ನೋಡಿ. ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ ಮೊದಲ ವರ್ಷಕ್ಕೆ ಶೇ 20ರಿಂದ ಏರುತ್ತಾ ಶೇ 50ರವರೆಗೆ ಹೋಗುತ್ತದೆ. ಒಬ್ಬರೇ ಮಾಲೀಕರಿದ್ದ ಐದು ವರ್ಷದ ಗಾಡಿಯಲ್ಲಿ ಅದು ಸೊನ್ನೆಗೆ ಇಳಿದಿದ್ದರೆ, ಒಂದೋ ಪಾಲಿಸಿ ನವೀಕರಣ ತಪ್ಪಿರಬಹುದು, ಇಲ್ಲವೇ ಕ್ಲೇಮ್ ಆಗಿರಬಹುದು. ಯಾವುದೆಂದು ವಿಮಾ ಕಂಪನಿಗೆ ಪತ್ರ ಬರೆದು ಕೇಳಿ.

ಡೆಲಿವರಿ ಚೀಟಿಯಲ್ಲಿ ‘ಇದ್ದ ಸ್ಥಿತಿಯಲ್ಲಿ ಒಪ್ಪಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕಿರಬಹುದು. ಇಂಥ ಚೀಟಿಗಳಲ್ಲಿ ಆ ಸಾಲು ಇದ್ದೇ ಇರುತ್ತದೆ. ಡೀಲರ್ ಅದನ್ನೇ ಹಿಡಿದು ವಾದಿಸುತ್ತಾರೆ. ಹಾಗಾಗಿ ‘ಎಲ್ಲೂ ತಾಗಿಲ್ಲ’ ಎಂಬ ಆ ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಪಾಲಿಗೆ ಚಿನ್ನ. ಇವತ್ತೇ ಅದನ್ನು ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಡೀಲರ್ ಹುಬ್ಬಳ್ಳಿಯವರಾದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ, ನೀವೇ ವಾದಿಸಬಹುದು. ಎರಡು ವರ್ಷ ಕಾಲಾವಕಾಶವಿದೆ. ಆದರೆ ತಡವಾದಷ್ಟೂ ಆ ಬಿರುಕು ನೀವು ಕೊಂಡ ಮೇಲೆ ಆದದ್ದು ಎನ್ನಲು ಅವರಿಗೆ ಸುಲಭ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್‌ಗಳು ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರ ಹೊಂದಿರಬೇಕೆಂಬ ನಿಯಮ ಬಂದಿದೆ. ಇವರ ಬಳಿ ಅದಿದೆಯೇ ಎಂದು, ದೂರಿಗೆ ಮೊದಲು ಡೀಲರ್‌ಗೆ ಕಳಿಸುವ ನೋಟಿಸಿನಲ್ಲೇ ಕೇಳಿ.

ಮನೆಯವರು ‘ಹೋಗಲಿ ಬಿಡು’ ಎನ್ನುವುದು ನಿಮ್ಮ ಮೇಲಿನ ಕಾಳಜಿಯಿಂದಲೇ ಇರಬಹುದು. ಅವರನ್ನು ಕೂರಿಸಿಕೊಂಡು ಆ ಚಿತ್ರ ತೋರಿಸಿ, ಬೆಲ್ಟ್ ಎಲ್ಲಿ ಬಿಗಿದಿದೆ ಎಂಬುದನ್ನೂ ತೋರಿಸಿ. ತಪಾಸಣೆ ವರದಿ ಕೈಗೆ ಬಂದ ದಿನ ನನಗೊಂದು ಪ್ರತಿ ಕಳಿಸಿ. ನೋಟಿಸಿನ ಕರಡನ್ನು ಒಟ್ಟಿಗೆ ಕೂತು ಬರೆಯೋಣ.