ಕೊಡೆಬಟ್ಟೆಯಿಂದ ಶುರು ಮಾಡಿ

ಚಾರಣದ ಸಾಮಾನುಗಳನ್ನು ಮನೆಯಲ್ಲೇ ಹೊಲಿಯುವ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನವು ನಮ್ಮ ಕಾಸರಗೋಡಿನ ಕಡೆಯವೇ.

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಓದುತ್ತಿದ್ದೇನೆ. ರಾಣಿಪುರಂ, ಪೊಸಡಿಗುಂಪೆ ಹತ್ತಿ ಆಯಿತು, ಇನ್ನು ಕುಮಾರಪರ್ವತಕ್ಕೆ ಹೋಗಬೇಕು. ಒಳ್ಳೆಯ ಬ್ಯಾಗಿನ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಮನೆಯಲ್ಲಿ ಅಮ್ಮನ ಕಾಲಿನ ಮಿಷನ್ ಉಂಟು. ನಾನೇ ಹೊಲಿಯಬಹುದಾ? (ಬದಿಯಡ್ಕ)

ಉತ್ತರ: ಧಾರಾಳವಾಗಿ ಹೊಲಿಯಬಹುದು. ಆದರೆ ದುಡ್ಡು ಉಳಿಯುತ್ತದೆ ಅಂತ ಶುರು ಮಾಡಬೇಡಿ. ಬಟ್ಟೆ, ಪಟ್ಟಿ, ಬಕಲ್, ಜಿಪ್ಪು ಅಂತ ಬಿಡಿಬಿಡಿಯಾಗಿ ಕೊಂಡರೆ ಮೊದಲ ಬ್ಯಾಗು ಅಂಗಡಿಯ ಸಾಧಾರಣ ಬ್ಯಾಗಿಗಿಂತ ಅಗ್ಗವಾಗುವುದು ಕಷ್ಟ. ಲಾಭ ಇರುವುದು ಬೇರೆ ಕಡೆ. ನಿಮ್ಮ ಬೆನ್ನಿನ ಅಳತೆಗೆ ಹೊಲಿದುಕೊಳ್ಳಬಹುದು, ಎಲ್ಲಾದರೂ ಹರಿದರೆ ಅಲ್ಲೇ ಕೂತು ಸರಿ ಮಾಡುವ ಧೈರ್ಯ ಬರುತ್ತದೆ.

ಬ್ಯಾಗನ್ನು ಈಗಲೇ ಮುಟ್ಟಬೇಡಿ. ನಮ್ಮ ಕಡೆ ಯಾವ ಮನೆಯ ಅಟ್ಟ ನೋಡಿದರೂ ಕಡ್ಡಿ ಮುರಿದ ಎರಡು ಮೂರು ಕೊಡೆ ಇರುತ್ತವೆ, ಅಲ್ವಾ? ಅವುಗಳ ಬಟ್ಟೆ ಬಿಚ್ಚಿ. ಅದು ನೈಲಾನ್ ಅಥವಾ ಪಾಲಿಯೆಸ್ಟರ್, ತೆಳ್ಳಗೆ ಇರುತ್ತದೆ, ಜಾರುತ್ತದೆ, ಡೇರೆಯ ಬಟ್ಟೆ ಮಾಡುವ ಹಟವನ್ನೆಲ್ಲ ಇದೂ ಮಾಡುತ್ತದೆ, ಹಾಳಾದರೆ ಮಾತ್ರ ಒಂದು ಪೈಸೆ ನಷ್ಟ ಇಲ್ಲ. ಅದರಲ್ಲಿ ಬಾಯಿಗೆ ದಾರ ಎಳೆಯುವ ಸಣ್ಣ ಚೀಲಗಳನ್ನು ಹೊಲಿಯಿರಿ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಅವಲಕ್ಕಿ. ನೇರ ಹೊಲಿಗೆ, ಮಡಚಿ ಹೊಲಿಯುವುದು, ದಾರ ತೂರುವ ಸುರಂಗ, ಮೂಲೆ ತಿರುಗಿಸುವುದು, ಎಲ್ಲ ಇದರಲ್ಲೇ ಕೈಗೆ ಬರುತ್ತದೆ.

ಆಮೇಲೆ ಉಂಬುಳ, ಅಂದರೆ ಜಿಗಣೆ, ಕಚ್ಚದ ಹಾಗೆ ಹಾಕುವ ಕಾಲುಚೀಲ. ಮಳೆಗಾಲದಲ್ಲಿ ರಾಣಿಪುರಂ ಹತ್ತಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ! ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಸಾಕು, ಮೊಣಕಾಲಿನ ತನಕ ಬರಬೇಕು, ಮೇಲೆ ಕಟ್ಟಲು ದಾರ. ಬನಿಯನ್ ತರಹದ ಬಟ್ಟೆ ಬೇಡ, ಅದರ ಸಂದಿಯಲ್ಲಿ ಉಂಬುಳ ತೂರಿಕೊಳ್ಳುತ್ತದೆ. ಇದನ್ನು ಸಾಕ್ಸಿನ ಮೇಲೆ, ಶೂವಿನ ಒಳಗೆ ಹಾಕುವುದರಿಂದ ಹೊಲಿಗೆಯ ಅಂಚು ಹೊರಗಡೆ ಬರುವ ಹಾಗೆ ಹೊಲಿಯಿರಿ, ಇಲ್ಲದಿದ್ದರೆ ಪಾದ ಉಜ್ಜಿ ಬೊಬ್ಬೆ ಏಳುತ್ತದೆ.

ಇಷ್ಟು ಆದ ಮೇಲೆ ಬ್ಯಾಗು. ಅಂಗಡಿಯಲ್ಲಿ 70 ಡೀನಿಯರ್, 210 ಡೀನಿಯರ್ ಅನ್ನುತ್ತಾರೆ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಚೀಲಕ್ಕೆ, ಟರ್ಪಾಲಿಗೆ 70 ಸಾಕು, ಬ್ಯಾಗಿಗೆ 210ಕ್ಕಿಂತ ಕಡಿಮೆ ತರಬೇಡಿ. ಹೆಗಲ ಪಟ್ಟಿ ಕೂರುವ ಜಾಗದಲ್ಲಿ ಒಂದು ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಿರಿ. ಭಾರವೆಲ್ಲ ಬೀಳುವುದು ಅಲ್ಲೇ.

ಪ್ರಶ್ನೆ: ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಮಗ ತಂದ ಡೇರೆ ಬಟ್ಟೆ ಹೊಲಿಯಲು ಕೂತರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಬಟ್ಟೆ ಸುಕ್ಕಾಗುತ್ತದೆ. ಮಿಷನ್ ಹಾಳಾಗಿದೆಯಾ? (ಮಂಜೇಶ್ವರ)

ಉತ್ತರ: ಮಿಷನ್ ಮೇಲೆ ಸಂಶಯ ಪಡುವ ಮೊದಲು ಸೂಜಿ ಬದಲಿಸಿ ನೋಡಿ. ಮೊಂಡಾದ ಸೂಜಿ ಹತ್ತಿ ಬಟ್ಟೆಯಲ್ಲಿ ಹೇಗೋ ನಡೆದುಹೋಗುತ್ತದೆ, ನೈಲಾನಿನಲ್ಲಿ ನಡೆಯುವುದಿಲ್ಲ. ತೆಳು ಬಟ್ಟೆಗೆ ಹೊಸ 11 ನಂಬರ್, ದಪ್ಪ ಪಟ್ಟಿಗೆ 16 ಅಥವಾ 18. ಅಂಗಡಿಗೆ ಹೋಗುವಾಗ ಹಳೆಯ ಸೂಜಿಯನ್ನೂ ತೆಗೆದುಕೊಂಡು ಹೋಗಿ, ಎಲ್ಲ ಮಿಷನ್‌ಗೂ ಒಂದೇ ತರಹದ ಸೂಜಿ ಕೂರುವುದಿಲ್ಲ.

ಹತ್ತಿಯ ನೂಲು ಬೇಡವೇ ಬೇಡ, ನಮ್ಮ ತೇವಕ್ಕೆ ಅದು ಕೊಳೆಯುತ್ತದೆ. ಪಾಲಿಯೆಸ್ಟರ್ ನೂಲು ಕೇಳಿ. ಟಿಕೆಟ್ 120 ನೂಲು ತೆಳು ಬಟ್ಟೆಗೆ ಆಗುತ್ತದೆ, ಬ್ಯಾಗಿಗೆ 40ರ ಹತ್ತಿರದ್ದು ಬೇಕು. ನಂಬರ್ ಜಾಸ್ತಿಯಾದಷ್ಟೂ ನೂಲು ಸಪೂರ, ಇದು ಎಲ್ಲರಿಗೂ ತಲೆಕೆಳಗಾಗಿ ಅನ್ನಿಸುವ ಲೆಕ್ಕ.

ಬ್ಲೌಸಿನ ಕೈ ಇರುವವರು ಸಣ್ಣ ಸಣ್ಣ ಹೊಲಿಗೆ ಹಾಕುತ್ತಾರೆ. ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ: ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಒಂದು ಹೊಲಿಗೆ 3 ಮಿಲಿಮೀಟರ್ ಇರಲಿ. ನೂಲಿನ ಟೆನ್ಷನ್ ಸ್ವಲ್ಪ ಸಡಿಲಿಸಿ, ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕಡೆ ಬಿಗಿಯಾಗಿ ಹಿಡಿಯಿರಿ, ಆದರೆ ಎಳೆಯಬೇಡಿ, ಸೂಜಿಯ ಕೆಳಗಿನ ಮಿಷನ್ನಿನ ಹಲ್ಲು ತಾನೇ ಸಾಗಿಸಲಿ. ಗುಂಡುಸೂಜಿಯ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಲೇಪ ಇರುವ ಬಟ್ಟೆಯಲ್ಲಿ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಇಸ್ತ್ರಿ ತಾಗಿಸಬೇಡಿ, ಕರಗೀತು. ಉಗುರಿನಲ್ಲಿ ಗೀರಿದರೆ ಮಡಿಕೆ ಕೂರುತ್ತದೆ.

ಪ್ರಶ್ನೆ: ವಾಟರ್‌ಪ್ರೂಫ್ ಬಟ್ಟೆ ಅಂತಲೇ ಕೊಟ್ಟರು. ಟರ್ಪಾಲು ಹೊಲಿದೆ. ಮೊದಲ ಮಳೆಗೇ ನಡುವಿನ ಹೊಲಿಗೆಯಿಂದ ತೊಟ್ಟಿಕ್ಕಿತು. ಮೋಸ ಅಲ್ವಾ? (ಕುಂಬಳೆ)

ಉತ್ತರ: ಬಟ್ಟೆಯವರು ಸುಳ್ಳು ಹೇಳಿಲ್ಲ ಮಾರಾಯ್ರೇ. ತೂತು ಮಾಡಿದ್ದು ನಿಮ್ಮ ಸೂಜಿ. ಈ ಬಟ್ಟೆಯ ಅಗಲ ಸುಮಾರು ಒಂದೂವರೆ ಮೀಟರ್, ಹಾಗಾಗಿ 3 ಮೀಟರ್ ಟರ್ಪಾಲಿಗೆ ಎರಡು ತುಂಡು ಜೋಡಿಸಲೇಬೇಕು. ಆ ಜೋಡಣೆ ನೆತ್ತಿಯ ಮೇಲೆಯೇ ಬರುತ್ತದೆ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಬೇಕು, ಅಂಗಿಯ ಬದಿಯಲ್ಲಿ, ಜೀನ್ಸಿನ ಕಾಲಿನಲ್ಲಿ ನೋಡಿದ್ದೀರಲ್ಲ, ಅದೇ. ಅಷ್ಟು ಮಾಡಿದರೂ ಆಟಿಯ ಮಳೆ ತಡೆಯುವುದಿಲ್ಲ. ಹೊಲಿಗೆಗೆ ಅಂಟು ಬಳಿಯಲೇಬೇಕು.

ಯಾವ ಅಂಟು ಅನ್ನುವುದು ಲೇಪದ ಮೇಲೆ ಹೋಗುತ್ತದೆ. ಬಟ್ಟೆಗೆ ಸೆಲ್ಲೊಟೇಪ್ ಅಂಟಿಸಿ ನೋಡಿ. ಎರಡೂ ಕಡೆ ಹಿಡಿಯದೆ ಕಿತ್ತು ಬಂದರೆ ಅದು ಸಿಲಿಕಾನ್ ಲೇಪ ಇರಬೇಕು. ಅದಕ್ಕೆ ಸಿಲಿಕಾನ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ: ಹಾರ್ಡ್‌ವೇರ್ ಅಂಗಡಿಯ ಪೂರ್ತಿ ಸಿಲಿಕಾನ್ ಇರುವ ಟ್ಯೂಬನ್ನು ಮಿನರಲ್ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬ್ರಶ್ಶಿನಲ್ಲಿ ಹೊಲಿಗೆಯುದ್ದಕ್ಕೂ ಬಳಿಯಿರಿ. ಇದನ್ನು ಅಂಗಳದಲ್ಲಿ ಮಾಡಿ, ಒಲೆಯ ಹತ್ತಿರ ಅಲ್ಲ. ಒಂದು ಕಡೆ ಟೇಪು ಗಟ್ಟಿಯಾಗಿ ಕೂತರೆ ಅದು ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್, ಲೇಪ. ಅದಕ್ಕೆ ಪಿಯು ಅಂಟು ಅಥವಾ ಬಿಸಿ ಮಾಡಿ ಅಂಟಿಸುವ ಸೀಮ್ ಟೇಪ್. ಲೇಪದ ಕಡೆ ಒಳಗೆ ಬರಬೇಕು.

ಪಿಯು ಬಟ್ಟೆಯನ್ನು ಒದ್ದೆ ಇರುವಾಗ ಮಡಚಿ ಇಟ್ಟರೆ ಕೆಲವು ವರ್ಷದಲ್ಲಿ ಲೇಪ ಅಂಟಂಟಾಗಿ ವಾಸನೆ ಬರುತ್ತದೆ. ನಮ್ಮ ಹವೆಯಲ್ಲಿ ಇದು ಬೇಗ ಆಗುತ್ತದೆ. ನೈಲಾನ್ ಒದ್ದೆಯಾದರೆ ಸಡಿಲ ಬಿದ್ದು ಜೋಲುತ್ತದೆ, ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಕಾಸರಗೋಡಿನ ಮಳೆಗೆ ಟರ್ಪಾಲು ಹೊಲಿಯುವುದಾದರೆ ನಾನು ಪಾಲಿಯೆಸ್ಟರನ್ನೇ ಆರಿಸುವುದು.

ಪ್ರಶ್ನೆ: ಅಕ್ಕಾರೆ, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕಳಸೂಬಾಯಿ ಶಿಖರಕ್ಕೆ ಹೊರಟಿದ್ದೇವೆ. ನಮ್ಮ ಆಯಿ ಕೌದಿ ಹೊಲಿಯುತ್ತಾಳೆ. ಸ್ಲೀಪಿಂಗ್ ಬ್ಯಾಗಿನ ಬದಲು ಹಾಗೇ ಏನಾದರೂ ಮಾಡಬಹುದಾ? (ಅಕ್ಕಲಕೋಟೆ)

ಉತ್ತರ: ಮಾಡಬಹುದು, ಮತ್ತು ಆಯಿಯನ್ನೇ ಗುರು ಮಾಡಿಕೊಳ್ಳಿ. ಮಲಗಿದಾಗ ಮೈಕೆಳಗಿನ ಹತ್ತಿಯಾಗಲಿ ಫೈಬರಾಗಲಿ ಚಪ್ಪಟೆಯಾಗಿ ಬೆಚ್ಚಗೆ ಇಡುವ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಚಾರಣಿಗರು ಈಗ ಕೆಳಗೆ ಚಾಪೆ ಹಾಕಿ ಮೇಲೆ ಬರೀ ಹೊದಿಕೆ ಹೊದೆಯುತ್ತಾರೆ. ಕೌದಿಯ ಹಳೆ ಸೀರೆ ಮಾತ್ರ ಬೇಡ. 1646 ಮೀಟರ್ ಮೇಲೆ ಇಬ್ಬನಿಗೆ ಒದ್ದೆಯಾದರೆ ಹೊರುವುದೂ ಕಷ್ಟ, ಒಣಗುವುದೂ ಕಷ್ಟ. ಲೇಪ ಇಲ್ಲದ ತೆಳು ನೈಲಾನಿನ ಎರಡು ಪದರ, ನಡುವೆ ಗಾದಿ ಅಂಗಡಿಯ ಪಾಲಿಯೆಸ್ಟರ್ ಫೈಬರ್ ಹಾಳೆ, ಕಾಲಿನ ಕಡೆ ಚೀಲದ ಹಾಗೆ ಮುಚ್ಚಿದ್ದು. ಕೌದಿಯಷ್ಟು ಒತ್ತಾಗಿ ಹೊಲಿಗೆ ಹಾಕಬೇಡಿ, ಹೊಲಿಗೆ ಬಿದ್ದಲ್ಲೆಲ್ಲ ಫೈಬರು ಕೂತುಹೋಗಿ ಚಳಿ ಒಳಗೆ ಬರುತ್ತದೆ. ಅಂಚು ಸುತ್ತ ಹೊಲಿದು, ನಡುವೆ ಅಲ್ಲಲ್ಲಿ ಒಂದೊಂದು ಗಂಟು ಸಾಕು.

ಪ್ರಶ್ನೆ: ಮೊದಲಿಗೆ ಮಳೆಕೋಟು ಹೊಲಿಯಲೋ, ಪೋಂಚೋ ಹೊಲಿಯಲೋ? (ತಾಳವಾಡಿ)

ಉತ್ತರ: ಪೋಂಚೋ, ಅಂದರೆ ತಲೆ ತೂರಿಸಿ ಹೊದೆಯುವ ಮಳೆ ಹೊದಿಕೆ. ತೋಳಿಲ್ಲ, ಜಿಪ್ಪಿಲ್ಲ, ಬೆನ್ನಿನ ಬ್ಯಾಗೂ ಒಳಗೆ ಬರುತ್ತದೆ, ಬದಿಯಿಂದ ಗಾಳಿ ಆಡುವುದರಿಂದ ಬೆವರಿನಲ್ಲಿ ನೆನೆಯುವುದು ತಪ್ಪುತ್ತದೆ. ಬೈಕಿನಲ್ಲಿ ಮಾತ್ರ ಹಾಕಬೇಡಿ, ಚಕ್ರಕ್ಕೆ ಸಿಕ್ಕಿಕೊಂಡೀತು.

ಪ್ರಶ್ನೆ: ತೂಗುಮಂಚ ಮತ್ತು ಬಂಡೆ ಹತ್ತುವ ಹಾರ್ನೆಸ್ ಎರಡನ್ನೂ ಹೊಲಿಯುವ ಆಸೆ. (ಹೊಸದುರ್ಗ)

ಉತ್ತರ: ತೂಗುಮಂಚ ಸುಲಭ. 3 ಮೀಟರ್ ಗಟ್ಟಿ ನೈಲಾನ್, ಬದಿ ಮಡಚಿ ಹೊಲಿದು ಎರಡು ತುದಿಗೆ ಹಗ್ಗ ತೂರುವ ಸುರಂಗ. ತುದಿಯ ಬಟ್ಟೆಯನ್ನು ಹಗ್ಗ ಒಟ್ಟುಮಾಡಿ ಬಿಗಿಯುವುದರಿಂದ ಹೊಲಿಗೆಯ ಮೇಲೆ ಭಾರ ಕಡಿಮೆ. ಮೊದಲ ಸಲ ಮೊಣಕಾಲೆತ್ತರಕ್ಕೆ ಕಟ್ಟಿ ಕೂತು ನೋಡಿ. ತೆಂಗಿನ ಮರ ಬಿಟ್ಟು ಬೇರೆ ಮರ ಹುಡುಕಿ, ಕಾಯಿ ಯಾವಾಗ ಬೀಳುತ್ತದೆ ಅಂತ ಹೇಳಲಿಕ್ಕಾಗದು. ಹಾರ್ನೆಸ್, ಅಂದರೆ ನಿಮ್ಮ ಮೈಯನ್ನು ಹಗ್ಗಕ್ಕೆ ಕಟ್ಟುವ ಪಟ್ಟಿ, ಹೊಲಿಯಬೇಡಿ. ಪರೀಕ್ಷೆ ಮಾಡಿ ಮುದ್ರೆ ಹಾಕಿದ್ದನ್ನೇ ಕೊಳ್ಳಿ, ದುಬಾರಿಯಾದರೂ ಸರಿ.